ಗೋಡೆ ಸೇರಿದವಳ ಮುಖ

ಆ ಕೋಟೆಯ ಗೋಡೆ ಕಲ್ಲಿನದಲ್ಲ, ಇಟ್ಟಿಗೆಯದೂ ಅಲ್ಲ, ನೀರಿನದು. ಕೇಳಿದವರಿಗೆ ನಗು ಬರಬಹುದು. ಆದರೆ ವರ್ಷವಿಡೀ ಹೆಪ್ಪುಗಟ್ಟಿಕೊಂಡೇ ಇರುವ ನಾಡಿನಲ್ಲಿ ನೀರಿಗಿಂತ ಸುಲಭವಾಗಿ ಸಿಗುವ ಕಲ್ಲು ಯಾವುದಿದೆ? ಕೋಟೆಯ ನಡುವೆ ಒಂದು ಬಿಸಿಬಾವಿ. ಅದರ ನೀರನ್ನು ರಾಟೆಯಲ್ಲಿ ಎಳೆದು, ಬಕೆಟ್ಟುಗಳಲ್ಲಿ ಹೊತ್ತು, ಉದ್ದ ಹಿಡಿಯ ಸೌಟಿನಲ್ಲಿ ಗೋಡೆಯ ನೆತ್ತಿಯಿಂದ ತೆಳ್ಳಗೆ ಸುರಿಯಬೇಕು. ಸುರಿದದ್ದು ಇಳಿಯುತ್ತ ಇಳಿಯುತ್ತಲೇ ಗಟ್ಟಿಯಾಗುತ್ತದೆ. ಆ ಗಟ್ಟಿಯನ್ನು ಗಾಳಿ ದಿನವೂ ಕೆರೆದು ತಿನ್ನುತ್ತದೆ, ಅದಕ್ಕೇ ದಿನವೂ ಸುರಿಯಬೇಕು. ರಜೆಯಿಲ್ಲ, ಬಿಡುವಿಲ್ಲ, ಜ್ವರ ಬಂತು ಎಂದರೆ ಕೇಳುವವರಿಲ್ಲ.

ಈ ಕೆಲಸ ಮಾಡುವವಳನ್ನು ಎಲ್ಲರೂ ನೀರಕ್ಕ ಎನ್ನುತ್ತಿದ್ದರು. ಅವಳಿಗಿಂತ ವಯಸ್ಸಿನಲ್ಲಿ ದೊಡ್ಡವರೂ ಹಾಗೇ ಕರೆಯುತ್ತಿದ್ದರು. ಬೆಳಕು ಹರಿಯುವಾಗ ಗೋಡೆಯ ಮೇಲಿನ ಹಲಗೆ ದಾರಿಗೆ ಹತ್ತಿದರೆ ಬೆಳಕು ಮುಳುಗುವಾಗ ಇಳಿಯುವುದು. ಸೊಂಟ ಹಿಡಿದುಕೊಂಡಿತ್ತು, ಮಂಡಿ ಹೇಳಿದ ಮಾತು ಕೇಳುತ್ತಿರಲಿಲ್ಲ, ಬೆರಳಿನ ಗೆಣ್ಣುಗಳೆಲ್ಲ ಸೀಳಿದ್ದವು. "ಹೇಗಿದ್ದೀಯ ನೀರಕ್ಕ?" ಎಂದು ಯಾರಾದರೂ ಕೇಳಿದರೆ "ನಿಂತಿದ್ದೀನಿ" ಎನ್ನುತ್ತಿದ್ದಳು. ಜನ ನಗುತ್ತಿದ್ದರು. ಅವಳೇನೂ ತಮಾಷೆಗೆ ಹೇಳಿದ್ದಲ್ಲ. ಕೂತರೆ ಏಳುವುದು ಕಷ್ಟವೆಂದು ಅವಳು ಊಟವನ್ನೂ ನಿಂತೇ ಮಾಡುತ್ತಿದ್ದಳು.

ಇಷ್ಟು ಕಷ್ಟಪಟ್ಟು ಅಲ್ಲೇ ಯಾಕಿರಬೇಕು ಎಂದು ಕೇಳುವುದು ಸುಲಭ. ಹೋಗುವುದು ಎಲ್ಲಿಗೆ? ಗೋಡೆಯ ಆಚೆ ಬಯಲು. ಬಯಲೆಂದರೆ ಮರವಿಲ್ಲ, ಗುಡ್ಡವಿಲ್ಲ, ಕಣ್ಣು ಹಾಯಿಸಿದಷ್ಟೂ ಬಿಳಿ. ಎಲ್ಲಿ ಕಾಲಿಟ್ಟರೆ ನೆಲ, ಎಲ್ಲಿ ಕಾಲಿಟ್ಟರೆ ಪಾತಾಳ ಎಂದು ಹೇಳಬಲ್ಲವರು ಯಾರೂ ಉಳಿದಿಲ್ಲ. ಆ ಬಯಲಿನಲ್ಲಿ ಕುರುಡುಗೂಳಿಗಳಿದ್ದವು. ಮನೆಯಷ್ಟು ಎತ್ತರ, ಕಣ್ಣಿರಬೇಕಾದ ಜಾಗದಲ್ಲಿ ಬರೀ ಕೂದಲು. ಕಣ್ಣಿಲ್ಲದಿದ್ದರೇನು, ಬಿಸಿ ಎಲ್ಲಿದೆಯೆಂದು ಅವಕ್ಕೆ ಹಣೆಯಲ್ಲೇ ಗೊತ್ತಾಗುತ್ತಿತ್ತು. ವರ್ಷಕ್ಕೊಮ್ಮೆ ದೊಡ್ಡ ಗಾಳಿ ಬೀಸುವಾಗ ಹಿಂಡು ಹಿಂಡಾಗಿ ಗೋಡೆಯ ಹತ್ತಿರ ಬರುತ್ತಿದ್ದವು. ಗೋಡೆ ಎಲ್ಲಿ ತೆಳ್ಳಗಿದೆಯೋ ಅಲ್ಲಿಂದ ಒಳಗಿನ ಬಿಸಿ ಚೂರು ಚೂರೇ ಸೋರುತ್ತದೆ. ಅಲ್ಲಿಗೇ ಬಂದು ಹಣೆ ಒತ್ತಿ ನಿಲ್ಲುತ್ತಿದ್ದವು. ಅವಕ್ಕೆ ಮನುಷ್ಯರ ಮೇಲೆ ಹಗೆಯೇನಿಲ್ಲ ಪಾಪ, ಚಳಿ ಅಷ್ಟೇ. ಆದರೆ ಒಂದರ ಹಿಂದೆ ಒಂದು ನಿಂತು ಇಡೀ ಹಿಂಡೇ ಒತ್ತಿದರೆ ಗೋಡೆಗೆ ಅವುಗಳ ಕಷ್ಟ ಅರ್ಥವಾಗುತ್ತದೆಯೇ? ಪಡುವಣದ ಕೋಟೆ ಹಾಗೇ ಬಿದ್ದದ್ದು. ಬಾಗಿಲಷ್ಟು ಅಗಲದ ಜಾಗ ತೆಳ್ಳಗಾಗಿತ್ತಂತೆ. ಒಂದೇ ಗಾಳಿಗೆ ಊರಿಗೆ ಊರೇ ಹೋಯಿತು. ಬಯಲು ದಾಟಿ ಜೀವಂತ ಬಂದವರು ಬೆರಳೆಣಿಕೆಯಷ್ಟು ಜನ. ಅವರಲ್ಲೊಬ್ಬಳು ಈಗ ಈ ಕೋಟೆಯ ಯಜಮಾನಿ. ಕಾಲ್ಬೆರಳೆಲ್ಲ ಬಯಲಿಗೆ ಕೊಟ್ಟು ಬಂದವಳ ಮಾತನ್ನು ಮೀರುವವರು ಯಾರು? ಹಿಂದಿನ ಯಜಮಾನ ಸತ್ತಾಗ ಜನ ತಾವಾಗಿಯೇ ಅವಳನ್ನು ಆ ಜಾಗದಲ್ಲಿ ಕೂರಿಸಿದರು.

ಇನ್ನೊಂದು ವಿಷಯ ಹೇಳಬೇಕು. ಆ ಕೋಟೆಯಲ್ಲಿ ಯಾರಾದರೂ ಸತ್ತರೆ "ಗೋಡೆ ಸೇರಿದರು" ಎನ್ನುತ್ತಿದ್ದರು. ಮಾತಿಗೆ ಹೇಳುತ್ತಿದ್ದದ್ದಲ್ಲ, ಸೇರಿಸಿಯೇ ಬಿಡುತ್ತಿದ್ದರು. ಹೂಳುವುದಕ್ಕೆ ಮಣ್ಣಿಲ್ಲ, ಸುಡುವುದಕ್ಕೆ ಸೌದೆಯಿಲ್ಲ. ಗೋಡೆಯ ಬುಡದಲ್ಲಿ ಒಂದು ಗೂಡು ಕೊರೆದು, ಸತ್ತವರನ್ನು ಒಳಮುಖವಾಗಿ ನಿಲ್ಲಿಸಿ, ಮೇಲಿಂದ ನೀರು ಸುರಿಯುತ್ತಿದ್ದರು. ಮೊದಲಿಗೆ ಹಿಮ ಗಾಜಿನಂತಿರುತ್ತದೆ, ಮುಖ ಚೆನ್ನಾಗಿ ಕಾಣುತ್ತದೆ. ಮನೆಯವರು ಬರುತ್ತಾರೆ, ನಿಲ್ಲುತ್ತಾರೆ, ಅಳುತ್ತಾರೆ, ಜಗಳವನ್ನೂ ಆಡುತ್ತಾರೆ. ನೀರಿನ ಮೇಲೆ ನೀರು ಬಿದ್ದು ಹಿಮ ದಪ್ಪವಾಗಿ ಬೆಳ್ಳಗಾಗುತ್ತದೆ. ಎರಡು ಚಳಿಗಾಲ ಕಳೆಯುವಷ್ಟರಲ್ಲಿ ಮುಖ ಮುಚ್ಚಿಹೋಗುತ್ತದೆ. "ಮುಖ ಮುಚ್ಚಿತಂತೆ" ಎಂಬ ಸುದ್ದಿ ಬಂದರೆ ನೆರೆಯವರು ಆ ಮನೆಗೆ ಹೋಗಿ ಇನ್ನು ಅಳು ಸಾಕು ಎಂದು ಹೇಳಿ ಬರುತ್ತಿದ್ದರು. ದುಃಖಕ್ಕೂ ಅಲ್ಲಿ ಒಂದು ದಪ್ಪದ ಲೆಕ್ಕವಿತ್ತು.

ನೀರಕ್ಕನ ಅಮ್ಮ ಗೋಡೆ ಸೇರಿ ಎರಡು ಚಳಿಗಾಲ ಕಳೆದು ಎಷ್ಟೋ ಕಾಲವಾಗಿತ್ತು. ಆಗ ನೀರು ಸುರಿಯುವ ಕೆಲಸ ಅಪ್ಪನದು. ಹೆಂಡತಿಯ ಮೇಲೆ ಮೊದಲ ಸೌಟು ಸುರಿಯುವಾಗ ಸೌಟು ಅವನ ಕೈಜಾರಿ ಕೆಳಗೆ ಬಿತ್ತು. ಕೆಳಗೆ ನಿಂತಿದ್ದ ಮಗಳು ಎತ್ತಿಕೊಂಡು ಮೇಲೆ ಹತ್ತಿದಳು. ಅಂದು ಎತ್ತಿಕೊಂಡವಳು ಮತ್ತೆ ಇಳಿಸಲೇ ಇಲ್ಲ. "ಒಂದ್ಸಲ ಬುಡಕ್ಕೆ ಹೋಗಿ ನೋಡೇ, ನಿಮ್ಮಮ್ಮ ಮಲಗಿದ ಹಾಗೇ ಇದ್ದಾರೆ" ಎಂದು ಅಕ್ಕಪಕ್ಕದವರು ಹೇಳುತ್ತಿದ್ದರು. ನಾಳೆ ಹೋಗ್ತೀನಿ ಎನ್ನುತ್ತಿದ್ದಳು. ಕೆಲಸ ಮುಗಿದ ಮೇಲೆ ಕಾಲು ನೇರ ಮನೆಗೆ ಎಳೆಯುತ್ತಿತ್ತು. ನಿಜ ಹೇಳಬೇಕೆಂದರೆ ಅವಳಿಗೆ ಭಯವೂ ಇತ್ತು. ಆ ಮುಖ ನೋಡಿದರೆ ನಾಳೆ ಅದರ ಮೇಲೆ ನೀರು ಸುರಿಯಲಾರೆ ಎಂದು. ಮುಖ ಮುಚ್ಚಿದ ಸುದ್ದಿ ಮಾತ್ರ ಬರಲಿಲ್ಲ. ಬರದಿದ್ದದ್ದು ಯಾಕೆಂದು ಅವಳು ಕೇಳಲೂ ಇಲ್ಲ.

ಆ ವರ್ಷ ಬಯಲಿನ ಅಂಚಿನಲ್ಲಿ ದೊಡ್ಡ ಗಾಳಿಯ ಬೂದುಬಣ್ಣದ ಗೆರೆ ಬೇಗನೆ ಕಾಣಿಸಿಕೊಂಡಿತು. ಗಾಳಿಗೆ ಮುಂಚೆ ಗೋಡೆಯ ಬುಡದಲ್ಲಿ ಒಂದು ಸುತ್ತು ಬರುವುದು ಪದ್ಧತಿ. ಮರದ ಸುತ್ತಿಗೆಯಿಂದ ಬಡಿಯುತ್ತ ಕಿವಿಗೊಟ್ಟು ಕೇಳಬೇಕು. ದಪ್ಪಗಿದ್ದರೆ ಗೋಡೆ ದಿಮ್ ಎನ್ನುತ್ತದೆ, ತೆಳ್ಳಗಿದ್ದರೆ ಟಣ್ ಎನ್ನುತ್ತದೆ. ಇದು ಕಲಿಸಿ ಬರುವ ವಿದ್ಯೆಯಲ್ಲ, ಅಪ್ಪನ ಹಿಂದೆ ಸುತ್ತಿ ಸುತ್ತಿ ಬಂದದ್ದು. ನೀರಕ್ಕ ಬೆಳಿಗ್ಗೆಯಿಂದ ದಿಮ್ ದಿಮ್ ಎಂದು ಬಡಿಯುತ್ತ ಬಂದು, ಕೊನೆಗೆ ಅಡುಗೆಮನೆಯ ಹಿಂದಿನ ಓಣಿಗೆ ತಿರುಗಿದಳು. ಅಮ್ಮ ಇದ್ದದ್ದು ಆ ಓಣಿಯ ತುದಿಯಲ್ಲಿ. ಪ್ರತಿವರ್ಷ ಅಲ್ಲಿ ಅಪ್ಪನೇ ಬಡಿದು ಬರುತ್ತಿದ್ದ, ಈ ಸಲ ಅವನ ಕೆಮ್ಮು ಜೋರಾಗಿದ್ದರಿಂದ ಅವಳೇ ಬಂದಳು.

ಓಣಿಯಲ್ಲಿ ಅಪ್ಪ ಗೋಡೆಗೆ ಒರಗಿ ನಿಂತಿದ್ದ. ಅಡುಗೆಮನೆಯವರು ವಯಸ್ಸಾದವರಿಗೆಲ್ಲ ಬೆಳಿಗ್ಗೆ ಬಿಸಿಬಾವಿಯಲ್ಲಿ ಕಾಯಿಸಿದ ಒಂದೊಂದು ಕಲ್ಲು ಕೊಡುತ್ತಿದ್ದರು, ಕಂಬಳಿಯೊಳಗೆ ಇಟ್ಟುಕೊಂಡು ಬೆಚ್ಚಗಿರಲಿ ಎಂದು. ಆ ಕಲ್ಲನ್ನು ಬಟ್ಟೆಯಲ್ಲಿ ಸುತ್ತಿ ಅಪ್ಪ ಗೋಡೆಗೆ ಉಜ್ಜುತ್ತಿದ್ದ. ಉಜ್ಜುವುದು, ಅಂಗೈಯಿಂದ ನೀರು ಒರೆಸುವುದು, ಮತ್ತೆ ಉಜ್ಜುವುದು. ಹಿಮದಲ್ಲಿ ದೊಡ್ಡ ಪರಾತದಂಥ ತಗ್ಗು ಬಿದ್ದಿತ್ತು. ನೀರಕ್ಕ ತಗ್ಗಿನ ಪಕ್ಕದಲ್ಲಿ ಸುತ್ತಿಗೆ ಬಡಿದಳು. ಟಣ್ ಎಂದಿತು.

"ಅಪ್ಪ, ಏನ್ ಮಾಡ್ತಿದ್ದೀಯ?"

ಮುದುಕ ತಿರುಗಲಿಲ್ಲ. "ಕಾಣಿಸ್ತಿಲ್ವಾ? ನಿಮ್ಮಮ್ಮನ ಮುಖ ತೊಳೀತಿದ್ದೀನಿ."

"ಯಾವಾಗಿಂದ?"

"ದಿನಾನೂ. ನೀನು ಮೇಲಿಂದ ಸುರೀತೀಯ, ನಾನು ಕೆಳಗಡೆ ತೊಳೀತೀನಿ. ನಿನ್ನ ಕೆಲಸ ನೀನು ಮಾಡು, ನನ್ನ ಕೆಲಸ ನಾನು ಮಾಡ್ತೀನಿ."

"ಗೋಡೆ ಟಣ್ ಅಂತಿದೆ ಅಪ್ಪ."

"ಗೊತ್ತು."

"ಗೊತ್ತಿದ್ದೂ ಹೀಗೆ ಮಾಡಿದ್ಯಾ?"

"ಗೊತ್ತಿದ್ದೂ." ಈಗ ಅವನು ತಿರುಗಿದ. ಮೂಗಿನ ತುದಿ ಕೆಂಪಾಗಿ ಮಕ್ಕಳ ಮೂಗಿನ ಹಾಗೆ ಸೋರುತ್ತಿತ್ತು. "ನಾಳೆಯಿಂದ ಬಿಟ್ಟುಬಿಡ್ತೀನಿ ಅಂತ ದಿನಾ ಅಂದ್ಕೋತೀನಿ ಕಣಮ್ಮ. ಬೆಳಗಾದ್ರೆ ಕಾಲು ಇಲ್ಲಿಗೇ ಬರತ್ತೆ. ನಾನೇನ್ ಮಾಡ್ಲಿ?"

ನೀರಕ್ಕ ಅವನ ಕೈ ಹಿಡಿದುಕೊಂಡಳು. ಬೆರಳ ತುದಿಗಳು ಕಪ್ಪಾಗಿದ್ದವು. ಬೆಚ್ಚಗಿರಲಿ ಎಂದು ಕೊಟ್ಟ ಕಲ್ಲೆಲ್ಲ ಗೋಡೆಗೆ ಹೋಗಿ, ಈ ಮನುಷ್ಯ ಇಷ್ಟು ಕಾಲ ಬರೀ ಕಂಬಳಿಯಲ್ಲಿ ನಡುಗಿಕೊಂಡು ಮಲಗಿದ್ದಾನೆ ಎಂದು ಅವಳಿಗೆ ಆಗ ಹೊಳೆಯಿತು. ಕೆಮ್ಮಿಗೆ ಕಾರಣವೂ ಗೊತ್ತಾಯಿತು. ಸಿಟ್ಟೂ ಬಂತು, ಮರುಕವೂ ಬಂತು, ಎರಡೂ ಒಟ್ಟಿಗೆ. ಇವೆರಡನ್ನೂ ಒಟ್ಟಿಗೆ ಹೊರುವಷ್ಟು ಶಕ್ತಿ ಅವಳಲ್ಲಿರಲಿಲ್ಲ. ಸುತ್ತಿಗೆಯ ಮೇಲೆ ಭಾರ ಹಾಕಿ ನಿಂತಳು. ತಲೆಯೆತ್ತಿದ್ದರೆ ತಗ್ಗಿನೊಳಗೆ ಅಮ್ಮ ಕಾಣುತ್ತಿದ್ದಳು. ಎತ್ತಲಿಲ್ಲ.

ಗೋಡೆ ಸವೆಸಿದವರಿಗೆ ಗೋಡೆಯೊಳಗೆ ಜಾಗವಿಲ್ಲ ಎಂಬುದು ಕೋಟೆಯ ಅತಿ ಹಳೆಯ ಕಟ್ಟಳೆ. ಬಾಗಿಲು ತೆರೆದು ಬಯಲಿಗೆ ಬಿಟ್ಟುಬಿಡುತ್ತಾರೆ. ಮನೆಗೆ ಜಾಗ ಸಾಲದೆಂದು ಗೋಡೆಯ ಹಿಮ ಕೆತ್ತಿದ ಒಬ್ಬನನ್ನು ಹಾಗೆ ಬಿಟ್ಟದ್ದನ್ನು ನೀರಕ್ಕ ಚಿಕ್ಕವಳಿದ್ದಾಗ ನೋಡಿದ್ದಳು. ಅವನು ಬಹಳ ಹೊತ್ತು ಬಾಗಿಲು ಬಡಿಯುತ್ತಿದ್ದ, ಆಮೇಲೆ ಬಡಿಯಲಿಲ್ಲ. ಈಗ ಅಪ್ಪ ಮಾಡಿದ್ದನ್ನು ಹೇಳಿಬಿಟ್ಟರೆ ಅಪ್ಪ ಹೋಗುತ್ತಾನೆ. ಹೇಳದಿದ್ದರೆ ಗಾಳಿಯ ಜೊತೆ ಗೂಳಿಗಳು ಬಂದು ಈ ಓಣಿಗೇ ಹಣೆಯೊತ್ತಿ ಎಲ್ಲರೂ ಹೋಗುತ್ತಾರೆ.

ಮನೆಗೆ ಬಂದು ಗಂಡನಿಗೆ ಹೇಳಿದಳು. ಅವನು ಬಿಸಿಬಾವಿಯಲ್ಲಿ ರಾಟೆ ಎಳೆಯುವವನು, ಮಾತು ಕಡಿಮೆ.

"ಯಜಮಾನಿ ಹತ್ರ ಹೋಗು" ಎಂದ.

"ನಿಮ್ಮಪ್ಪ ಆಗಿದ್ರೆ ಹೋಗ್ತಿದ್ರಾ?"

ಅವನು ತಲೆ ಕೆರೆದುಕೊಂಡ. "ನಮ್ಮಪ್ಪ ನಮ್ಮಮ್ಮನ ಮುಖ ಬದುಕಿರೋವಾಗ್ಲೇ ಸರಿಯಾಗಿ ನೋಡ್ಲಿಲ್ಲ ಬಿಡು. ಎಷ್ಟು ಬಕೆಟ್ ಬೇಕು ಹೇಳು, ಎಳೀತೀನಿ."

ಇಬ್ಬರೂ ಸೇರಿ ಆ ಮಧ್ಯಾಹ್ನವೆಲ್ಲ ಆ ಒಂದೇ ಜಾಗಕ್ಕೆ ನೀರು ಸುರಿದರು. ನೀರಕ್ಕನಿಗೆ ಚೆನ್ನಾಗಿ ಗೊತ್ತಿತ್ತು, ತೆಳ್ಳಗೆ ಸುರಿದು, ಗಟ್ಟಿಯಾಗಲು ಬಿಟ್ಟು, ಮತ್ತೆ ಸುರಿಯಬೇಕು. ಆತುರಕ್ಕೆ ಸುರಿದ ನೀರು ಹಳೆಯ ಹಿಮಕ್ಕೆ ಕಚ್ಚಿಕೊಳ್ಳುವುದಿಲ್ಲ. ಗೊತ್ತಿದ್ದೂ ಸುರಿದಳು. ಅಪ್ಪನ ಮಗಳಲ್ಲವೇ. ಮರುದಿನ ಬೆಳಿಗ್ಗೆ ಅಷ್ಟೂ ಹಿಮ ಒಂದು ದೊಡ್ಡ ಚಿಪ್ಪಾಗಿ ಕಳಚಿ ಓಣಿಯಲ್ಲಿ ಬಿದ್ದು ಚೂರಾಗಿತ್ತು. ಹೋಗುವಾಗ ಹಳೆಯ ಹಿಮವನ್ನೂ ಒಂದಿಷ್ಟು ಕಿತ್ತುಕೊಂಡು ಹೋಗಿತ್ತು. ಸುತ್ತಿಗೆ ಬಡಿಯುವ ಅಗತ್ಯವೇ ಇರಲಿಲ್ಲ. ಬೆಳಕು ಆಚೆಯಿಂದ ಈಚೆಗೆ ನೀಲಿಯಾಗಿ ಹಾದು ಬರುತ್ತಿತ್ತು.

ಅಡುಗೆಮನೆಯವರು ಶಬ್ದ ಕೇಳಿ ಬಂದರು, ಅವರಿಂದ ಬಾಗಿಲು ಕಾಯುವವರು ಬಂದರು, ಅವರ ಹಿಂದೆಯೇ ಕೋಲೂರಿಕೊಂಡು ಯಜಮಾನಿ ಬಂದಳು. ಓಣಿ ತುಂಬಿತು. ಯಜಮಾನಿ ಗೋಡೆ ನೋಡಿದಳು, ನೆಲದ ಚೂರು ನೋಡಿದಳು. ಅವಳ ಮುಖ ಗೋಡೆಗಿಂತ ಬೆಳ್ಳಗಾಯಿತು. ಪಡುವಣದ ಕೋಟೆಯ ಆ ತೆಳ್ಳನೆಯ ಜಾಗ ನೋಡಿದ್ದವರು ಅಲ್ಲಿದ್ದವರಲ್ಲಿ ಅವಳೊಬ್ಬಳೇ.

"ಇದು ಹೇಗಾಯ್ತು?"

ನೀರಕ್ಕ ಮುಂದೆ ಬಂದಳು. ರಾತ್ರಿಯೆಲ್ಲ ಹೊರಳಾಡಿ ಹೊಂದಿಸಿಟ್ಟುಕೊಂಡ ಮಾತು ಅದು. "ನನ್ನ ತಪ್ಪು ಯಜಮಾನಿ. ಸುಸ್ತಾಗಿತ್ತು. ಈ ಓಣಿಗೆ ಎಷ್ಟೋ ದಿನ ನೀರೇ ಸುರೀಲಿಲ್ಲ. ಸುರಿದಾಗ್ಲೂ ಸರಿಯಾಗಿ ಸುರೀಲಿಲ್ಲ."

ಓಣಿಯಲ್ಲಿ ಗುಸುಗುಸು ಎದ್ದಿತು. ನಂಬುವವರೂ ಇದ್ದರು. ಅವಳು ಸುಸ್ತಾಗಿದ್ದದ್ದು ಯಾರಿಗೆ ತಾನೇ ಗೊತ್ತಿರಲಿಲ್ಲ? ರಾಟೆಯವನು ಹೆಂಡತಿಯ ಮುಖವನ್ನೇ ನೋಡುತ್ತ ನಿಂತ. ಅಷ್ಟರಲ್ಲಿ ಗುಂಪಿನ ಹಿಂದಿನಿಂದ ಕೆಮ್ಮು ಕೇಳಿಸಿತು.

"ಏನಂದೆ? ಏನಂದೆ ಇನ್ನೊಂದ್ಸಲ ಹೇಳು!" ಅಪ್ಪ ಎಲ್ಲರನ್ನೂ ತಳ್ಳಿಕೊಂಡು ಬಂದ. ಕಳ್ಳತನದಲ್ಲಿ ಸಿಕ್ಕಿಬಿದ್ದವನ ಹಾಗಿರಲಿಲ್ಲ, ಮರ್ಯಾದೆ ಹೋದವನ ಹಾಗಿದ್ದ. "ನನ್ನ ಮಗಳು ನೀರು ಸರಿಯಾಗಿ ಸುರೀಲಿಲ್ವಂತೆ! ಯಾರಾದ್ರೂ ಕೇಳಿದ್ರೆ ನಗ್ತಾರೆ. ಯಜಮಾನಿ, ನೀವೇ ಬನ್ನಿ ಇಲ್ಲಿ, ಈ ಅಂಚು ನೋಡಿ. ಒಂದೊಂದು ಪದರಾನೂ ಎಣಿಸಿಬಿಡಬಹುದು, ಎಲ್ಲೂ ಒಂದು ಗುಳ್ಳೆ ಇಲ್ಲ. ನಾನು ಗಟ್ಟಿಯಾಗಿದ್ದಾಗ್ಲೂ ಇಷ್ಟು ನುಣ್ಣಗೆ ಸುರಿದವನಲ್ಲ. ನಿನ್ನೆ ಮಧ್ಯಾಹ್ನ ಸುರಿದದ್ದೊಂದು ಬಿಡಿ, ಅದು ನಂಗೋಸ್ಕರ ಕೆಡಿಸ್ಕೊಂಡಿದ್ದು. ಈ ತಗ್ಗು ಮಾಡಿದ್ದು ನಾನು. ಕಾದ ಕಲ್ಲಲ್ಲಿ ಉಜ್ಜಿ ಉಜ್ಜಿ ಮಾಡಿದ್ದು."

"ಅಪ್ಪ, ಸುಮ್ನಿರು."

"ನೀನು ಸುಮ್ನಿರೇ. ಕೆಲಸ ಬರಲ್ಲ ಅಂತ ನಾಲ್ಕು ಜನರ ಎದುರು ಹೇಳ್ಕೊಳ್ಳೋಕೆ ನಾಚಿಕೆ ಆಗಲ್ವಾ ನಿಂಗೆ?"

ಒಬ್ಬಿಬ್ಬರು ನಕ್ಕರು, ನಕ್ಕದ್ದಕ್ಕೆ ತಾವೇ ಬೆಚ್ಚಿ ಬಾಯಿ ಮುಚ್ಚಿಕೊಂಡರು. ಯಜಮಾನಿ ಮಾತ್ರ ತಗ್ಗಿನೊಳಗಿನ ಮುಖವನ್ನು ನೋಡುತ್ತಿದ್ದಳು. ಬಹಳ ಹೊತ್ತು ನೋಡಿದಳು. ಅವಳ ಮನೆಯವರೆಲ್ಲ ಬಿದ್ದುಹೋದ ಆ ಗೋಡೆಯಲ್ಲಿದ್ದವರು. ನೋಡುವುದಕ್ಕೆ ಒಂದು ಮುಖವೂ ಅವಳ ಪಾಲಿಗೆ ಉಳಿದಿರಲಿಲ್ಲ.

"ಕಟ್ಟಳೆ ಏನು ಅಂತ ಗೊತ್ತಲ್ಲ ತಾತ?" ಎಂದಳು ಕೊನೆಗೆ.

"ಗೊತ್ತು" ಎಂದ ಅಪ್ಪ. ಆಮೇಲೆ ಸ್ವಲ್ಪ ಅಳುಕುತ್ತ ಕೇಳಿದ, "ಆಚೆ ಕಡೆಯಿಂದ ನೋಡಿದ್ರೆ ಅವಳ ಬೆನ್ನಾದ್ರೂ ಕಾಣತ್ತಾ?"

ನೀರಕ್ಕನಿಗೆ ಇನ್ನು ತಡೆಯಲಾಗಲಿಲ್ಲ. ಮೇಲುಹೊದಿಕೆಯ ಅಂಚನ್ನು ಬಾಯಿಗೆ ಒತ್ತಿಕೊಂಡು ಅತ್ತಳು. ಯಜಮಾನಿ ಕೋಲಿನ ಮೇಲೆ ಎರಡೂ ಕೈಯಿಟ್ಟು ಆಕಾಶದ ಕಡೆ ನೋಡಿದಳು. ಬೂದುಬಣ್ಣದ ಗೆರೆ ಗೋಡೆಯ ಮೇಲಿಂದ ಇಣುಕುವಷ್ಟು ಹತ್ತಿರ ಬಂದಿತ್ತು.

"ನಿಮ್ಮನ್ನ ಆಮೇಲೆ ನೋಡ್ಕೋತೀನಿ. ಮೊದ್ಲು ಗೋಡೆ. ಇದನ್ನ ಗಾಳಿಗೆ ಮುಂಚೆ ಮುಚ್ಚೋ ದಾರಿ ಇದ್ಯಾ ಇಲ್ವಾ, ಅದನ್ನ ಹೇಳಿ."

ದಾರಿ ಇತ್ತು. ಮುದುಕನಿಗೆ ಗೊತ್ತಿತ್ತು, ಮಗಳಿಗೂ ಗೊತ್ತಿತ್ತು. ಇಬ್ಬರೂ ಇಷ್ಟು ಹೊತ್ತು ಅದರ ಹೆಸರೆತ್ತಿರಲಿಲ್ಲ. ಬಟ್ಟೆಯ ತೇಪೆ. ಉಣ್ಣೆ ಬಟ್ಟೆಯನ್ನು ಬಿಸಿನೀರಿನಲ್ಲಿ ಅದ್ದಿ ಹಿಮಕ್ಕೆ ಹೊದಿಸಿದರೆ ಅದು ಕಚ್ಚಿಕೊಳ್ಳುತ್ತದೆ. ಅದರ ಮೇಲೆ ನೀರು, ಮತ್ತೆ ಬಟ್ಟೆ, ಮತ್ತೆ ನೀರು. ಬಟ್ಟೆಯ ನೂಲು ಹಿಮವನ್ನು ಹಿಡಿದಿಡುತ್ತದೆ, ಚಿಪ್ಪಾಗಿ ಕಳಚುವುದಕ್ಕೆ ಬಿಡುವುದಿಲ್ಲ. ಅರ್ಧ ದಿನದ ಕೆಲಸ. ಆದರೆ ಒಮ್ಮೆ ಹೊದಿಸಿದರೆ ಮುಗಿಯಿತು. ಆಮೇಲೆ ಯಾವ ಕಲ್ಲಿಗೂ ಯಾವ ಅಂಗೈಗೂ ಆ ಮುಖ ಮತ್ತೆ ಕಾಣುವುದಿಲ್ಲ. ಬಟ್ಟೆಯೆಂದರೆ ಆ ಊರಿನಲ್ಲಿ ಜೀವ. ಹೊದೆಯುವ ಕಂಬಳಿಯನ್ನು ಗೋಡೆಗೆ ಕೊಟ್ಟವರು ಚಳಿಗಾಲವನ್ನು ಮೈಮೇಲೆ ಎಳೆದುಕೊಂಡ ಹಾಗೆ.

ಅಪ್ಪ ಹೇಳಿದ. ಹೇಳಿ ನೆಲ ನೋಡಿದ.

ಯಜಮಾನಿ ತನ್ನ ಭುಜದ ಮೇಲಿನ ದಪ್ಪ ಹೊದಿಕೆಯನ್ನು ತೆಗೆದು ನೀರಕ್ಕನ ಬಕೆಟ್ಟಿಗೆ ಹಾಕಿದಳು. ಆಮೇಲೆ ಯಾರಿಗೂ ಹೇಳಬೇಕಾಗಲಿಲ್ಲ. ಗೊಣಗಿಕೊಂಡೇ ಕೊಟ್ಟರು, ಮುದುಕನಿಗೆ ನಾಲ್ಕು ಬೈದು ಕೊಟ್ಟರು, ಆದರೆ ಕೊಟ್ಟರು. ಓಣಿಯ ತುಂಬ ಬಕೆಟ್ಟುಗಳು, ಹಬೆ, ಒದ್ದೆ ಉಣ್ಣೆಯ ವಾಸನೆ. ರಾಟೆಯ ಕಿರುಗುಟ್ಟುವಿಕೆ ಒಂದು ಕ್ಷಣವೂ ನಿಲ್ಲಲಿಲ್ಲ.

ಮೊದಲ ಬಟ್ಟೆ ಬೇರೆಯವರದಾಗಬಾರದು ಎಂದು ಅಪ್ಪ ಹಟ ಹಿಡಿದ. ಒಳಗೆ ಹೋಗಿ ಹೆಂಡತಿಯ ಹಳೆಯ ಶಾಲು ತಂದ. ಅದನ್ನು ಅವನೇ ಅದ್ದಿದ. ಹಿಂಡುವಾಗ ಕಪ್ಪಾದ ಬೆರಳುಗಳು ಮಡಚಲಿಲ್ಲ, ಅಳಿಯ ಹಿಂಡಿ ಕೊಟ್ಟ. ಮುದುಕ ಶಾಲಿನ ಎರಡು ತುದಿ ಹಿಡಿದು ತಗ್ಗಿನ ಮುಂದೆ ನಿಂತ. ನೀರಕ್ಕ ಸೌಟು ತುಂಬಿಕೊಂಡು ಪಕ್ಕದಲ್ಲಿ ಕಾಯುತ್ತಿದ್ದಳು. ಬಟ್ಟೆ ಬಿದ್ದ ತಕ್ಷಣ ಅಂಚುಗಳಿಗೆ ನೀರು ಬೀಳಬೇಕು, ಒಂದು ಉಸಿರು ತಡವಾದರೂ ಸುಕ್ಕು ಕಟ್ಟಿಬಿಡುತ್ತದೆ. ಅವಳ ಕಣ್ಣು ಶಾಲಿನ ಅಂಚಿನ ಮೇಲಿತ್ತು. ಈಗಲಾದರೂ ನೋಡಬೇಕು, ಇದೊಂದು ಸಲ, ಎಂದು ಅವಳು ಅಂದುಕೊಂಡಳು. ಅಂದುಕೊಳ್ಳುವಷ್ಟರಲ್ಲಿ ಅಪ್ಪ ಶಾಲು ಹೊದಿಸಿದ್ದ. ನಿದ್ದೆ ಹೋದವರಿಗೆ ಎಚ್ಚರವಾಗದಂತೆ ಹೊದಿಸುವ ಹಾಗೆ ಹೊದಿಸಿದ್ದ.

"ಸುರಿ" ಎಂದ. ಅವಳು ಸುರಿದಳು. "ತೆಳ್ಳಗೆ. ಇನ್ನೂ ತೆಳ್ಳಗೆ. ಆತುರ ಬೇಡ ಕಣೇ."

ಸಂಜೆಯ ಹೊತ್ತಿಗೆ ಆ ಜಾಗ ಸುತ್ತಲಿನ ಗೋಡೆಗಿಂತ ಉಬ್ಬಿಕೊಂಡಿತ್ತು. ನೀರಕ್ಕ ಸುತ್ತಿಗೆ ಬಡಿದಳು. ದಿಮ್ ಎಂದಿತು. ಜನ ಉಸಿರು ಬಿಟ್ಟು, ಇದ್ದ ಹೊದಿಕೆಗಳನ್ನು ಇಬ್ಬಿಬ್ಬರು ಮೂವರು ಹಂಚಿಕೊಂಡು ಒಳಗೆ ಹೋದರು.

ಗಾಳಿ ಬಂತು. ಅದರ ಜೊತೆ ಗೂಳಿಗಳೂ ಬಂದವು. ಗಾಳಿಯ ದಿನಗಳಲ್ಲಿ ಯಾರೂ ಗೋಡೆಯ ಹತ್ತಿರ ಸುಳಿಯಬಾರದು, ಮೈಯ ಬಿಸಿ ಆಚೆಗೆ ತಿಳಿಯುತ್ತದೆ. ಎಲ್ಲರೂ ನಡುಕೋಣೆಯಲ್ಲಿ ಬಿಸಿಬಾವಿಯ ಸುತ್ತ ಒಬ್ಬರ ಮೈಗೊಬ್ಬರು ಅಂಟಿಕೊಂಡು ಕೂತರು. ಎದೆಯೊಳಗೇ ಗುದ್ದಿದಂತೆ ಒಂದೊಂದು ಒತ್ತಡ ನೆಲದ ಮೂಲಕ ಬರುತ್ತಿತ್ತು. ಅಡುಗೆಮನೆಯ ಕಡೆಯಿಂದ ಎರಡು ಸಲ ಬಲವಾಗಿ ಬಂದಾಗ ಯಜಮಾನಿ ಎದ್ದು ನಿಂತಳು. ಅವಳ ತುಟಿ ಅಲ್ಲಾಡುತ್ತಿತ್ತು. ಪಡುವಣದಲ್ಲಿ ಗೋಡೆ ಮೂರನೆಯ ಒತ್ತಡಕ್ಕೆ ಹೋಗಿತ್ತಂತೆ. ಇಲ್ಲಿ ಮೂರನೆಯದೂ ಬಂತು, ನಾಲ್ಕನೆಯದೂ ಬಂತು, ಆಮೇಲೆ ಗೂಳಿಗಳು ಬೇರೆ ಕಡೆ ತಿರುಗಿದವು. ಗೋಡೆ ನಿಂತಿತು. ಯಾರೂ ಕುಣಿದಾಡಲಿಲ್ಲ, ಅಷ್ಟು ತ್ರಾಣ ಯಾರಿಗಿತ್ತು? ಯಜಮಾನಿ ಕೂತಲ್ಲೇ ನಿದ್ದೆ ಹೋದಳು.

ಗಾಳಿ ಇಳಿದ ಮೇಲೆ ಬಾಗಿಲು ಕಾಯುವವನು ಬಂದು ಕಟ್ಟಳೆಯ ವಿಷಯ ನೆನಪಿಸಿದ. ಅವನ ಕೆಲಸವೇ ಅದು, ಬೈದು ಪ್ರಯೋಜನವಿಲ್ಲ. ಯಜಮಾನಿ ಅಪ್ಪನನ್ನು ಕರೆಸಿದಳು. ನೀರಕ್ಕ ಜೊತೆಗೆ ಬಂದಳು. ಅಪ್ಪ ಹೋದರೆ ತಾನೂ ಹೋಗುವುದೆಂದು ಅವಳು ಬೂಟು ಬಿಗಿದುಕೊಂಡೇ ಬಂದಿದ್ದಳು.

"ಬಾಗಿಲು ಹೇಗಿದೆ?" ಎಂದು ಯಜಮಾನಿ ಕಾವಲಿನವನನ್ನು ಕೇಳಿದಳು.

"ಗಾಳಿಗೆ ಹಿಮ ಕಟ್ಟಿದೆ ಯಜಮಾನಿ. ಒಡೆದು ತೆಗೀಬೇಕು."

"ಒಡೆದ್ರೆ ಗೋಡೆ ಸವೆಯಲ್ವಾ?"

ಅವನು ಯೋಚಿಸಿದ. "ಸವೆಯತ್ತೆ."

"ಸವೆಸಿದವರಿಗೆ ಏನು ಕಟ್ಟಳೆ?"

ಯಜಮಾನಿ ಮುದುಕನ ಕಡೆ ತಿರುಗಿದಳು. ಅವಳ ದನಿಯಲ್ಲಿ ಕರುಣೆಗಿಂತ ಆಯಾಸ ಹೆಚ್ಚಿತ್ತು. "ನಾನು ಆ ಬಯಲು ನಡೆದು ಬಂದವಳು ತಾತ. ಅಲ್ಲಿ ಏನಿದೆ ಅಂತ ನಂಗೊತ್ತು. ಬಾಗಿಲು ತಾನಾಗೇ ಬಿಡಿಸ್ಕೊಂಡ ದಿನ ನೆನಪು ಮಾಡಿ. ಈಗೀಗ ನಂಗೆ ಮರೆವು ಜಾಸ್ತಿ."

ಹೀಗೆ ಅಪ್ಪ ಉಳಿದ. ಕಲ್ಲನ್ನು ಈಗ ಕಂಬಳಿಯೊಳಗೇ ಇಟ್ಟುಕೊಂಡು ಮಲಗುತ್ತಿದ್ದ, ಅಡುಗೆಮನೆಯವರು ನಿಂತು ನೋಡಿ ಹೋಗುತ್ತಿದ್ದರು. ಕೆಮ್ಮು ಕಡಿಮೆಯಾಯಿತು. ಓಣಿಯ ಕಡೆ ಹೋಗುವುದನ್ನು ಬಿಟ್ಟ. ಎಲ್ಲರೂ ಒಳ್ಳೆಯದಾಯಿತು ಎಂದರು. ಅವನು ಗಂಜಿಯ ಬಟ್ಟಲು ಹಿಡಿದು ಕುಡಿಯುವುದನ್ನು ಮರೆತು ಕೂತಿರುವುದನ್ನು ನೀರಕ್ಕ ಮಾತ್ರ ದಿನವೂ ನೋಡುತ್ತಿದ್ದಳು.

ಒಂದು ಸಂಜೆ ಅವಳು ಕೆಲಸದಿಂದ ಬಂದು ಬಾಗಿಲಿನ ಹತ್ತಿರ ನಿಂತೇ ಗಂಜಿ ಕುಡಿಯುತ್ತಿದ್ದಾಗ ಅಪ್ಪ ಕರೆದ. "ಬಾ ಇಲ್ಲಿ, ಕೂತ್ಕೋ."

"ಕೂತ್ರೆ ಏಳೋಕಾಗಲ್ಲ ಅಪ್ಪ."

"ಕೂತ್ಕೋ ಸ್ವಲ್ಪ. ಒಂದು ಮಾತು ಕೇಳ್ಬೇಕು."

ಅವಳು ಸೊಂಟ ಹಿಡಿದುಕೊಂಡು ನಿಧಾನವಾಗಿ ಅವನ ಪಕ್ಕ ಕೂತಳು. ಅವನು ತನ್ನ ಗಂಜಿಯ ಬಟ್ಟಲನ್ನು ಪಕ್ಕಕ್ಕಿಟ್ಟ. ಕೇಳುವುದಕ್ಕೆ ನಾಚಿಕೆಯಾಗುತ್ತಿರುವುದು ಕಾಣುತ್ತಿತ್ತು.

"ನಿಮ್ಮಮ್ಮನ ಒಂದು ಕಣ್ಣು ಪೂರ್ತಿ ಮುಚ್ಚಿರ್ಲಿಲ್ಲ ನೋಡು, ಹಿಮದಲ್ಲಿ. ಒಂಚೂರು ತೆರೆದಿತ್ತು. ನಾನು ಹೋದ ತಕ್ಷಣ 'ಬಂದ್ರಾ' ಅನ್ನೋ ಹಾಗೆ ನೋಡ್ತಿದ್ಲು." ಅವನು ತನ್ನ ಕೈಯನ್ನು ಒಂದು ಕಣ್ಣಿನ ಮೇಲಿಟ್ಟ, ತೆಗೆದ, ಇನ್ನೊಂದರ ಮೇಲಿಟ್ಟ. "ಎಡಗಣ್ಣೋ ಬಲಗಣ್ಣೋ? ನಿನ್ನೆಯಿಂದ ಯೋಚನೆ ಮಾಡ್ತಿದ್ದೀನಿ, ನೆನಪೇ ಬರ್ತಿಲ್ಲ. ಇಷ್ಟು ಬೇಗ ಹೋಗ್ಬಿಡತ್ತಾ ಅದು? ದಿನಾ ನೋಡಿದ್ನಲ್ಲೇ ನಾನು. ನೀನು ಹೇಳು, ಯಾವ ಕಣ್ಣು?"

ನೀರಕ್ಕ ಬಟ್ಟಲನ್ನು ನೆಲದ ಮೇಲಿಟ್ಟಳು. ಅಪ್ಪ ಅವಳ ಮುಖವನ್ನೇ ನೋಡುತ್ತಿದ್ದ. ಗೋಡೆ ದಪ್ಪವೋ ತೆಳುವೋ ಎಂದು ಊರವರು ಅವಳ ಮುಖ ನೋಡುವ ಹಾಗೆ.

"ಎಡಗಣ್ಣು ಅಪ್ಪ" ಎಂದಳು, ಒಂದಿಷ್ಟೂ ತಡವರಿಸದೆ.

"ಎಡಗಣ್ಣು." ಅವನು ಕಣ್ಣು ಮುಚ್ಚಿ ನೋಡಿಕೊಂಡ. ಮುಖದ ಗಂಟು ಬಿಚ್ಚಿತು. "ಹೌದು ಹೌದು, ಎಡಗಣ್ಣೇ. ಸದ್ಯ, ನಿಂಗಾದ್ರೂ ನೆನಪಿದ್ಯಲ್ಲ."

ಆಮೇಲೆ ತನ್ನ ಬಟ್ಟಲೆತ್ತಿ ಗಂಜಿಯನ್ನು ಪೂರ್ತಿ ಕುಡಿದ. ನೀರಕ್ಕ ಅವನ ಪಕ್ಕದಲ್ಲೇ ಕೂತಿದ್ದಳು, ಎಷ್ಟು ಹೊತ್ತಾದರೂ ಏಳಲಿಲ್ಲ. ಹಿಮದೊಳಗಿನ ಆ ಮುಖವನ್ನು ಅವಳು ಒಂದು ದಿನವೂ ನೋಡಿರಲಿಲ್ಲ.